ಸುಣ್ಣದ ನೀರಲ್ಲಿ ನೆನೆದ ಜೋಳ: ಮೆಕ್ಸಿಕೊದ ರೊಟ್ಟಿ, ಹೊಲ ಮತ್ತು ಹೊಸ ಕಾನೂನು

2025ರ ಮಾರ್ಚ್ 17ರಂದು ಮೆಕ್ಸಿಕೊ ಸಂವಿಧಾನದ 4 ಮತ್ತು 27ನೇ ವಿಧಿಗಳ ತಿದ್ದುಪಡಿ ಅಲ್ಲಿನ ಗೆಜೆಟ್‌ನಲ್ಲಿ ಪ್ರಕಟವಾಯಿತು. ಮೆಕ್ಕೆಜೋಳ ಈ ನಾಡಿನ ಅಸ್ಮಿತೆಯ ಭಾಗ, ಜನರ ಮೂಲ ಆಹಾರ. ದೇಶದೊಳಗೆ ಅದರ ಬೇಸಾಯ ಕುಲಾಂತರಿ ತಂತ್ರದಿಂದ ಮುಕ್ತವಾಗಿರಬೇಕು. ಇಷ್ಟು ಅದರ ಸಾರ. ಒಂದೇ ಒಂದು ಬೆಳೆಯ ಹೆಸರು ಹಿಡಿದು ಸಂವಿಧಾನವೊಂದು ಇಷ್ಟು ಖಚಿತವಾಗಿ ಮಾತಾಡುವುದು ಅಪರೂಪ. ಏಳು ತಿಂಗಳು ಕಳೆದು ಅಕ್ಟೋಬರ್ ಕೊನೆಗೆ ಬಂದರೆ, ಅದೇ ದೇಶದ ಮೆಕ್ಕೆಜೋಳದ ರೈತರು ಟ್ರ್ಯಾಕ್ಟರ್‌ಗಳನ್ನು ಹೆದ್ದಾರಿಗೆ ಅಡ್ಡ ನಿಲ್ಲಿಸಿದ್ದರು. ಟನ್ನಿಗೆ 7,200 ಪೆಸೊ ಸಿಗದಿದ್ದರೆ ಹಾಕಿದ ಬಂಡವಾಳವೂ ಹುಟ್ಟುವುದಿಲ್ಲ ಎಂಬುದು ಅವರ ಲೆಕ್ಕ.

ಈ ಎರಡು ಸುದ್ದಿಗಳನ್ನು ಜೋಡಿಸಿ ಓದಬೇಕೆಂದರೆ ಮೊದಲು ಅಡುಗೆಮನೆಗೆ ಹೋಗಬೇಕು. ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು 2010ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಖಾದ್ಯಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಲಿಲ್ಲ. ಮೆಕ್ಕೆಜೋಳ, ಹುರುಳಿಕಾಯಿಯ ಬಳಗದ ಕಾಳು, ಮೆಣಸಿನಕಾಯಿ, ಅವನ್ನು ಬೆಳೆಯುವ ಹೊಲದ ಕ್ರಮ, ಮೆಕ್ಕೆಜೋಳವನ್ನು ಸುಣ್ಣದಲ್ಲಿ ಬೇಯಿಸುವ ವಿಧಾನ, ರುಬ್ಬುವ ಕಲ್ಲು, ಎಲ್ಲವೂ ಒಂದೇ ವ್ಯವಸ್ಥೆಯೆಂದು ಅದು ಗುರುತಿಸಿತು. ಬೀಜವನ್ನು ಕಾನೂನು ಕಾಯಬಹುದು. ಆದರೆ ಆ ಬೀಜವನ್ನೇ ವರ್ಷವರ್ಷವೂ ಬಿತ್ತಲು ರೈತನಿಗೆ ಕಾರಣ ಬೇಕಲ್ಲ, ಆ ಕಾರಣವನ್ನು ಕೊಡುತ್ತಾ ಬಂದಿರುವುದು ಊಟ. ತಿದ್ದುಪಡಿಯ ಬಲವನ್ನೂ ಅದರ ಕೊರತೆಯನ್ನೂ ಈ ಕಡೆಯಿಂದ ಅಳೆದರೇ ಸರಿ.

ಒಂದು ಕೆಜಿ ಕಾಳು, 10 ಗ್ರಾಂ ಸುಣ್ಣ

ಮೆನುಗಳಲ್ಲಿ ನಾವು ಟಾರ್ಟಿಲ್ಲಾ ಎಂದು ಓದುವ ರೊಟ್ಟಿಗೆ ಅಲ್ಲಿ ತೊರ್ತಿಯಾ ಅನ್ನುತ್ತಾರೆ. ಒಣಗಿದ ಮೆಕ್ಕೆಜೋಳವನ್ನು ನೇರವಾಗಿ ಬೀಸಿ ಹಿಟ್ಟು ಮಾಡಿದರೆ ತೊರ್ತಿಯಾ ಆಗುವುದಿಲ್ಲ. ತಟ್ಟುವಾಗಲೇ ಅಂಚು ಸೀಳುತ್ತದೆ, ಮಡಿಸಿದರೆ ಮುರಿಯುತ್ತದೆ. ಮೆಕ್ಕೆಜೋಳದಲ್ಲಿ ಗೋಧಿಯಂತೆ ಹಿಗ್ಗುವ ಅಂಟು ಇಲ್ಲ. ನಮ್ಮಲ್ಲಿ ಜೋಳದ ರೊಟ್ಟಿಗೆ ಹಿಟ್ಟನ್ನು ಕುದಿನೀರಲ್ಲಿ ನಾದಿ ಅಂಟು ಬರಿಸುತ್ತೇವೆ. ಮೆಕ್ಸಿಕೊದಲ್ಲಿ ಅದೇ ಕೆಲಸಕ್ಕೆ ಮೂರು ಸಾವಿರ ವರ್ಷಗಳಿಂದ ಸುಣ್ಣವನ್ನು ಬಳಸುತ್ತಾರೆ. ಹಾಗೆ ಬೇಯಿಸಿದ ಕಾಳಿನ ಹೆಸರು ನಿಷ್ತಮಾಲ್. ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಬೂದಿಗೂ ಕಣಕಕ್ಕೂ ಇರುವ ಎರಡು ಪದಗಳು ಸೇರಿ ಆದ ಹೆಸರಿದು, ಏಕೆಂದರೆ ಕೆಲವು ಕಡೆ ಸುಣ್ಣದ ಬದಲು ಒಲೆಯ ಬೂದಿಯನ್ನೂ ಬಳಸುತ್ತಿದ್ದರು.

ಅಳತೆ ಹೀಗೆ. ಒಂದು ಕೆಜಿ ಒಣ ಕಾಳಿಗೆ ಸುಮಾರು 10 ಗ್ರಾಂ ಸುಣ್ಣ, ಅಂದರೆ ಕಾಳಿನ ತೂಕದ ನೂರಕ್ಕೆ ಒಂದು ಪಾಲು, ಮತ್ತು ಎರಡೂವರೆಯಿಂದ ಮೂರು ಲೀಟರ್ ನೀರು. ಸುಣ್ಣವೆಂದರೆ ವೀಳ್ಯದೆಲೆಗೆ ಹಚ್ಚುವ, ತಿನ್ನಲು ಯೋಗ್ಯವಾದ ಅರಳಿದ ಸುಣ್ಣ. ಗೋಡೆಗೆ ಬಳಿಯುವ ಸುಣ್ಣವನ್ನು ಬಳಸಕೂಡದು. ಸುಟ್ಟ ಸುಣ್ಣದ ಕಲ್ಲನ್ನು ನೀರು ಹಾಕಿ ಪೂರ್ತಿ ಅರಳಿಸದೆ ಹಾಕುವುದೂ ಅಪಾಯ. ಪಾತ್ರೆ ಸ್ಟೀಲಿನದೋ ಮಣ್ಣಿನದೋ ಎನಾಮಲ್ಲಿನದೋ ಆಗಿರಬೇಕು, ಸುಣ್ಣದ ನೀರು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಕಾಳು ಆಹಾರಕ್ಕೆಂದೇ ಮಾರಿದ್ದಾಗಿರಬೇಕು. ಗುಲಾಬಿ ಬಣ್ಣದ ಲೇಪ ಇರುವ ಬಿತ್ತನೆಬೀಜಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ.

ಸುಣ್ಣವನ್ನು ನೀರಲ್ಲಿ ಕದಡಿ, ತೊಳೆದ ಕಾಳು ಹಾಕಿ, ಸಣ್ಣ ಉರಿಯಲ್ಲಿ ಬಿಸಿ ಏರಿಸುತ್ತಾರೆ. ಕೊತಕೊತ ಕುದಿಯಲು ಬಿಡುವುದಿಲ್ಲ. 80ರಿಂದ 90 ಡಿಗ್ರಿ ಸೆಲ್ಸಿಯಸ್ ಸಾಕು. ಮೆತ್ತನೆಯ ಕಾಳಿಗೆ ಅರ್ಧ ಗಂಟೆ, ಗಟ್ಟಿ ಕಾಳಿಗೆ ಮುಕ್ಕಾಲು ಗಂಟೆಗೂ ಮೇಲೆ ಹಿಡಿಯುತ್ತದೆ. ಗಡಿಯಾರಕ್ಕಿಂತ ಕೈ ಮುಖ್ಯ. ಒಂದು ಕಾಳನ್ನು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ಸಿಪ್ಪೆ ಜಾರಿ ಬರಬೇಕು. ಅದನ್ನೇ ಉಗುರಿನಿಂದ ಎರಡಾಗಿ ಸೀಳಿದರೆ ಸುತ್ತ ಬೆಂದು, ನಡುವೆ ಸಾಸಿವೆಯಷ್ಟು ಜಾಗ ಬೆಳ್ಳಗೆ, ಒಣಗಿದಂತೆ ಉಳಿದಿರಬೇಕು. ಆ ಹದದಲ್ಲಿ ಒಲೆಯಿಂದ ಇಳಿಸಿ, ಮುಚ್ಚಿ, 8ರಿಂದ 12 ಗಂಟೆ ಬಿಡುತ್ತಾರೆ. ಉಳಿದ ಕೆಲಸ ರಾತ್ರಿಯಿಡೀ ತಾನಾಗಿಯೇ ಆಗುತ್ತದೆ: ಸುಣ್ಣ ಒಳಗಿಳಿಯುತ್ತದೆ, ಕಾಳು ನೀರು ಕುಡಿಯುತ್ತದೆ.

ಬೆಳಗ್ಗೆ ಹಳದಿಗಟ್ಟಿದ ನೀರನ್ನು ಚೆಲ್ಲುತ್ತಾರೆ. ಇದಕ್ಕೆ ನೆಹಯೋತೆ ಎಂದು ಹೆಸರು. ಕಾಳನ್ನು ಒಂದೆರಡು ಸಲ ತೊಳೆದರೆ ಸಾಕು. ಸಿಪ್ಪೆಯ ಚೂರು ಒಂದೂ ಉಳಿಯಬಾರದೆಂದು ನಾಲ್ಕೈದು ಸಲ ಉಜ್ಜಿ ತೊಳೆದರೆ, ಸುಣ್ಣದಲ್ಲಿ ಕರಗಿದ ಸಿಪ್ಪೆಯ ಅಂಟು ಪೂರಾ ಹೋಗಿಬಿಡುತ್ತದೆ. ಕಣಕ ಒಟ್ಟಾಗಿ ಹಿಡಿಯುವುದು ಆ ಅಂಟಿನಿಂದಲೇ. ಮೊದಲ ಸಲ ಮಾಡುವವರ ರೊಟ್ಟಿ ಬಿರಿಯಲು ಬಹಳ ಸಲ ಇದೇ ಕಾರಣ.

ರುಬ್ಬಿದ ಕಣಕಕ್ಕೆ ಮಾಸಾ ಎಂದು ಹೆಸರು. ಒಂದು ಉಂಡೆಯನ್ನು ಅಂಗೈಯಲ್ಲಿ ಒತ್ತಿ ನೋಡಿ: ಅಂಚು ಬಿರಿದರೆ ನೀರು ಸಾಲದು, ಕೈಗೆ ಮೆತ್ತಿಕೊಂಡರೆ ಹೆಚ್ಚಾಗಿದೆ. 30 ಗ್ರಾಂ ಉಂಡೆ ಸುಮಾರು 15 ಸೆಂಟಿಮೀಟರ್ ಅಗಲದ ರೊಟ್ಟಿಯಾಗುತ್ತದೆ. ಕೊಮಾಲ್ ಎಂಬ ಹೆಂಚು ಚೆನ್ನಾಗಿ ಕಾದಿರಬೇಕು. ಮಣ್ಣಿನ ಕೊಮಾಲ್ ಆದರೆ ರೊಟ್ಟಿ ಹಿಡಿಯದಿರಲೆಂದು ಅದಕ್ಕೂ ತೆಳ್ಳಗೆ ಸುಣ್ಣದ ನೀರು ಬಳಿಯುತ್ತಾರೆ. ಮೊದಲ ಮಗ್ಗುಲು 15-20 ಸೆಕೆಂಡು, ಅಂಚು ಏಳುವವರೆಗೆ ಮಾತ್ರ. ಮಗುಚಿ ಎರಡನೇ ಮಗ್ಗುಲನ್ನು ಮುಕ್ಕಾಲು ನಿಮಿಷ ಪೂರ್ತಿ ಬೇಯಿಸುತ್ತಾರೆ. ಮತ್ತೆ ಮಗುಚಿದಾಗ ಉಬ್ಬಬೇಕು. ಎರಡೂ ಮುಖಗಳು ಮುಚ್ಚಿಕೊಂಡು ಒಳಗಿನ ಹಬೆಗೆ ದಾರಿಯಿಲ್ಲದಾಗ ಉಬ್ಬು ಬರುತ್ತದೆ. ಉಬ್ಬದಿದ್ದರೆ ಮೂರರಲ್ಲಿ ಒಂದು: ಹೆಂಚು ಕಾದಿಲ್ಲ, ಕಣಕ ಒಣಗಿದೆ, ಇಲ್ಲವೆ ತರಿತರಿಯಾಗಿ ರುಬ್ಬಿದ್ದಾರೆ. ರೊಟ್ಟಿ ಕಡು ಹಳದಿಯಾಗಿ ಸೋಪಿನ ಕಹಿ ಬಂದರೆ ಸುಣ್ಣ ಜಾಸ್ತಿ. ಕಣಕ ಗೋಂದಿನಂತೆ ಎಳೆದರೆ ಕಾಳು ಅತಿಯಾಗಿ ಬೆಂದಿದೆ, ಆ ಹಿಟ್ಟನ್ನು ಸರಿಮಾಡಲಾಗದು. ಅದನ್ನು ಗಂಜಿಗೆ ಬಳಸುವುದೇ ಒಳ್ಳೆಯದು. ಒಂದು ಕೆಜಿ ಕಾಳಿನಿಂದ ಕೊನೆಗೆ ಸುಮಾರು 1.4 ಕೆಜಿ ರೊಟ್ಟಿ ಸಿಗುತ್ತದೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸುಣ್ಣದ ಇನ್ನೊಂದು ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಬಿ ಜೀವಸತ್ವ ಇದೆ, ಆದರೆ ದೇಹಕ್ಕೆ ಹತ್ತದ ಹಾಗೆ ಬಿಗಿದುಕೊಂಡಿರುತ್ತದೆ. ಸುಣ್ಣದ ಕ್ಷಾರ ಆ ಬಿಗಿಯನ್ನು ಬಿಡಿಸುತ್ತದೆ, ಜೊತೆಗೆ ಕ್ಯಾಲ್ಸಿಯಂ ಸೇರಿಸುತ್ತದೆ. ಕೊಲಂಬಸ್‌ನ ನಂತರ ಕಾಳು ಯುರೋಪಿಗೆ ಹೋಯಿತು, ಸುಣ್ಣದ ವಿದ್ಯೆ ಜೊತೆಗೆ ಹೋಗಲಿಲ್ಲ. ಬಡವರು ಬರೀ ಮೆಕ್ಕೆಜೋಳದ ಗಂಜಿ ತಿಂದು ಬದುಕಿದ ಕಡೆಯೆಲ್ಲ ಚರ್ಮ ಒಡೆದು, ಭೇದಿಯಾಗಿ, ಬುದ್ಧಿ ಕದಡುವ ಕಾಯಿಲೆ ಕಾಣಿಸಿತು. 1735ರಲ್ಲಿ ಸ್ಪೇನಿನ ಅಸ್ತುರಿಯಾಸ್‌ನಲ್ಲಿ ಗಾಸ್ಪರ್ ಕಸಾಲ್ ಎಂಬ ವೈದ್ಯ ಅದನ್ನು ವಿವರಿಸಿದ. ಇಟಲಿಯಲ್ಲಿ ಅದಕ್ಕೆ ಪೆಲಾಗ್ರಾ ಎಂಬ ಹೆಸರು ಬಿತ್ತು. 20ನೇ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ಅಂದಾಜು 30 ಲಕ್ಷ ಜನರನ್ನು ಕಾಡಿ ಒಂದು ಲಕ್ಷದಷ್ಟು ಜನರನ್ನು ಬಲಿ ತೆಗೆದುಕೊಂಡಿತು. ಕೊರತೆ ನಯಾಸಿನ್‌ನದ್ದೆಂದು ಖಚಿತವಾದದ್ದು 1937ರಲ್ಲಿ. ನಮ್ಮ ದಖ್ಖನ್ನಿನಲ್ಲೂ ಬರೀ ಜೋಳವನ್ನೇ ನೆಚ್ಚಿದ್ದ ಬಡವರಲ್ಲಿ ಇದೇ ಕಾಯಿಲೆಯನ್ನು ಹೈದರಾಬಾದಿನ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ಅಧ್ಯಯನ ಮಾಡಿದ್ದರು. ಅಲ್ಲಿ ಅವರು ಬೆರಳು ತೋರಿದ್ದು ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಕಡೆಗೆ. ಮೆಕ್ಸಿಕೊದ ಹಳ್ಳಿಗಳು ಸಾವಿರಾರು ವರ್ಷ ಇದೇ ಕಾಳನ್ನು ಮೂರು ಹೊತ್ತೂ ಉಂಡು ಈ ಪಿಡುಗಿನಿಂದ ಬಚಾವಾಗಿದ್ದವು. ಒಂದು ಚಮಚ ಸುಣ್ಣದ ಹಿಂದೆ ಎಷ್ಟು ದೊಡ್ಡ ತಿಳಿವಳಿಕೆ ಇದೆ ಎಂದು ನೆನೆದಾಗಲೆಲ್ಲ ಕೈಮುಗಿಯಬೇಕೆನ್ನಿಸುತ್ತದೆ.

ಒಂದೊಂದು ಅಡುಗೆಗೆ ಒಂದೊಂದು ತಳಿ

ಮೆಕ್ಸಿಕೊದಲ್ಲಿ 59 ನಾಟಿ ಮೆಕ್ಕೆಜೋಳ ಬಗೆಗಳನ್ನು ಗುರುತಿಸಿದ್ದಾರೆ. ಒಂದೊಂದರ ಒಳಗೂ ಊರೂರಿಗೆ ಬೇರೆಯಾಗುವ ಒಳತಳಿಗಳು ಅಸಂಖ್ಯ. ಇವೆಲ್ಲದರ ಮೂಲ ತಿಯೊಸಿಂತೆ ಎಂಬ ಕಾಡುಹುಲ್ಲು. ಕಲ್ಲಿನಂಥ ಚಿಪ್ಪಿನೊಳಗೆ ತೆನೆಗೆ ಹತ್ತರಷ್ಟೇ ಕಾಳು ಬಿಡುವ ಈ ಹುಲ್ಲನ್ನು ಸುಮಾರು 9,000 ವರ್ಷಗಳ ಹಿಂದೆ ನೈರುತ್ಯ ಮೆಕ್ಸಿಕೊದ ಬಾಲ್ಸಾಸ್ ನದಿ ಕಣಿವೆಯ ಜನ ಪಳಗಿಸಿದರು. ದಕ್ಷಿಣದ ವಹಾಕಾ ರಾಜ್ಯದ ಗಿಲಾ ನಾಕಿತ್ಸ್ ಗುಹೆಯಲ್ಲಿ ಸಿಕ್ಕ ಬೆರಳುದ್ದದ ತೆನೆಗಳಿಗೆ ಆರು ಸಾವಿರ ವರ್ಷಕ್ಕೂ ಮೇಲಿನ ವಯಸ್ಸು.

ಇಷ್ಟು ತಳಿಗಳು ಇವತ್ತಿಗೂ ಏಕೆ ಉಳಿದಿವೆ? ಒಂದು ಕಾರಣ ನೆಲ: ಕಡಲಂಚಿನಿಂದ ಹಿಡಿದು ಸುಮಾರು 3,000 ಮೀಟರ್ ಎತ್ತರದ ಇಳಿಜಾರಿನವರೆಗೆ ಒಂದೇ ತಳಿ ಎಲ್ಲೆಡೆ ಒಗ್ಗುವುದಿಲ್ಲ. ಇನ್ನೊಂದು ಕಾರಣ ಒಲೆ. ಮಧ್ಯ ಮೆಕ್ಸಿಕೊದ ಎತ್ತರದ ಕಣಿವೆಗಳ ಕಕಾವಸಿಂತ್ಲೆ ತಳಿಯ ಕಾಳು ದಪ್ಪ, ಮೆದು, ಹಿಟ್ಟು ಹಿಟ್ಟು. ಪೊಸೋಲೆ ಎಂಬ ಸಾರಿಗೆ ಅದೇ ಬೇಕು. ಸುಣ್ಣದಲ್ಲಿ ಬೇಯಿಸಿ ಸಿಪ್ಪೆ ತೆಗೆದ ಮೇಲೆ ಪ್ರತಿ ಕಾಳಿನ ತೊಟ್ಟಿನ ತುದಿಯನ್ನೂ ಕಿತ್ತು ಹಾಕುತ್ತಾರೆ, ಆಗ ಮತ್ತೆ ಬೇಯುವಾಗ ಕಾಳು ಹೂವಿನಂತೆ ಅರಳುತ್ತದೆ. ತೊಟ್ಟು ಬಿಟ್ಟರೆ ಅರಳುವುದಿಲ್ಲ. ಗಟ್ಟಿ ಹೈಬ್ರಿಡ್ ಕಾಳನ್ನು ಎಷ್ಟು ಬೇಯಿಸಿದರೂ ಆ ಹದ ಬರದು. ವಹಾಕಾದ ಬಯಲಿನಲ್ಲಿ ಬೊಲಿತಾ ಎಂಬ ತಳಿಯಿಂದ ತ್ಲಯೂದಾ ತಟ್ಟುತ್ತಾರೆ. ಮೊರದಗಲದ ರೊಟ್ಟಿ, ಹೆಂಚಿನ ಮೇಲೆ ನಿಧಾನ ಒಣಗಿಸಿ ಅರ್ಧ ಗರಿಯಾಗಿ ಮಾಡಿದ್ದು. ತೆಹ್ವಾಂತೆಪೆಕ್ ಭೂಸಂಧಿಯಲ್ಲಿ ಗಾಳಿ ಬಿರುಸು, ಎತ್ತರದ ದಂಟು ನಿಲ್ಲುವುದಿಲ್ಲ. ಅಲ್ಲಿ ಗಿಡ್ಡಗೆ ಬೆಳೆದು ಬೇಗ ಮಾಗುವ ಸಪಲೋತೆ ಚಿಕೊ ತಳಿ ಇದೆ. ಅದರ ಕಣಕವನ್ನು ನೆಲದಲ್ಲಿ ಹೂತ ಮಣ್ಣಿನ ಒಲೆಯ ಒಳಗೋಡೆಗೆ ಅಂಟಿಸಿ ತೊತೊಪೊ ಸುಡುತ್ತಾರೆ, ತಂದೂರಿ ಸುಟ್ಟ ಹಾಗೆ. ವಾರಗಟ್ಟಲೆ ಕೆಡದ ಈ ಗರಿ ರೊಟ್ಟಿಗೆ ಬೇರೆ ಕಾಳು ಹಾಕಿದರೆ ಗೋಡೆಯಿಂದ ಜಾರಿ ಬೀಳುತ್ತದೆ ಎನ್ನುತ್ತಾರೆ ಅಲ್ಲಿನ ಹೆಂಗಸರು. ಕೆಲವು ಊರುಗಳಲ್ಲಿ ತೆನೆಯ ಮುಸುಕಿಗೇ ಬೆಲೆ. ತಮಾಲ್ ಎಂಬ ಕಡುಬನ್ನು ಸುತ್ತಲು ಅಗಲವಾದ, ಮೆದುವಾದ ಮುಸುಕು ಬೇಕು. ಕಾಡಿಗೆ ಎಂಬ ಶಿಲೀಂಧ್ರ ರೋಗ ತಗುಲಿ ಊದಿಕೊಂಡ ತೆನೆಯೂ ವ್ಯರ್ಥವಾಗುವುದಿಲ್ಲ. ಜಗತ್ತಿನ ಉಳಿದ ಕಡೆ ರೈತ ಸುಟ್ಟುಹಾಕುವ ಆ ಬೂದುಗಪ್ಪು ಗಂಟನ್ನು ಇಲ್ಲಿ ವಿತ್ಲಕೋಚೆ ಎಂದು ಕರೆದು, ಎಪಸೋತೆ ಎಂಬ ಘಾಟು ಸೊಪ್ಪಿನ ಜೊತೆ ಹುರಿದು ತಿನ್ನುತ್ತಾರೆ. ಸಂತೆಯಲ್ಲಿ ಅದಕ್ಕೆ ಕಾಳಿಗಿಂತ ಹೆಚ್ಚು ಬೆಲೆ.

ಹೊಲಕ್ಕೆ ಮಿಲ್ಪಾ ಎನ್ನುತ್ತಾರೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮೇ-ಜೂನ್‌ನ ಮೊದಲ ಮಳೆ ಬಿದ್ದ ಮೇಲೆ, ಸುಮಾರು ಒಂದು ಮೀಟರ್ ಅಂತರಕ್ಕೊಂದು ಕುಳಿ ತೋಡಿ, ಮೂರ್ನಾಲ್ಕು ಮೆಕ್ಕೆಜೋಳದ ಕಾಳಿನ ಜೊತೆ ಒಂದೆರಡು ಬಳ್ಳಿ ಹುರುಳಿಕಾಯಿಯ ಕಾಳು ಹಾಕುತ್ತಾರೆ, ಅಲ್ಲಲ್ಲಿ ಕುಂಬಳ. ದಂಟಿಗೆ ಹುರುಳಿ ಹಬ್ಬುತ್ತದೆ, ಅದರ ಬೇರು ನೆಲಕ್ಕೆ ಸಾರಜನಕ ಕೊಡುತ್ತದೆ. ಕುಂಬಳದ ಎಲೆ ನೆಲ ಮುಚ್ಚಿ ತೇವ ಹಿಡಿಯುತ್ತದೆ, ಕಳೆಯನ್ನು ತಡೆಯುತ್ತದೆ. ಮಧ್ಯೆ ತಾನಾಗಿ ಹುಟ್ಟುವ ಸೊಪ್ಪುಗಳಿಗೆ ಕೆಲಿತೆಸ್ ಎಂದು ಹೆಸರು. ಮಳೆಗಾಲದ ಪಲ್ಯಕ್ಕೆ ಅವೇ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ಕಡಿಮೆ ಇರುವ ಲೈಸಿನ್ ಹುರುಳಿಯಲ್ಲಿ ಧಾರಾಳ, ಹಾಗಾಗಿ ಹೊಲದಲ್ಲಿ ಜೊತೆಯಾದದ್ದೇ ತಟ್ಟೆಯಲ್ಲೂ ಜೊತೆಯಾಗುತ್ತದೆ. ತೆನೆ ಬಲಿತ ಮೇಲೆ ದಂಟನ್ನು ತೆನೆಯ ಕೆಳಗೆ ಮುರಿದು ಬಾಗಿಸಿ ಬಿಡುತ್ತಾರೆ. ತೆನೆ ತಲೆಕೆಳಗಾಗಿ ತೂಗಿ, ಮುಸುಕಿನ ಮೇಲೆ ಮಳೆನೀರು ಜಾರಿಹೋಗುತ್ತದೆ, ಕಾಳು ಗಿಡದಲ್ಲೇ ಒಣಗುತ್ತದೆ. ಎಲ್ಲವನ್ನೂ ಕಳೆನಾಶಕದಿಂದ ಬೋಳಿಸಿದ ಹೊಲದಲ್ಲಿ ಕೆಲಿತೆಸ್ ಇಲ್ಲ, ಹುರುಳಿ ಇಲ್ಲ, ಕುಂಬಳವೂ ಇಲ್ಲ. ಕಳೆನಾಶಕ ತಾಳುವ ಕುಲಾಂತರಿ ಮೆಕ್ಕೆಜೋಳದ ಬಗ್ಗೆ ಇಲ್ಲಿನ ವಿರೋಧ ಆರೋಗ್ಯದ ಭಯದ ಮೇಲಷ್ಟೇ ನಿಂತಿದೆ ಎಂದುಕೊಂಡವರು ಈ ಸರಳ ಸಂಗತಿಯನ್ನು ಮರೆಯುತ್ತಾರೆ.

ಈ ತಳಿಗಳಲ್ಲಿ ಏನೇನು ಅಡಗಿದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ವಹಾಕಾದ ಮಿಹೆ ಸೀಮೆಯ ತೊತೊಂತೆಪೆಕ್‌ನಲ್ಲಿ ಬೆಳೆಯುವ ಒಲೊತೋನ್ ಗುಂಪಿನ ಮೆಕ್ಕೆಜೋಳ ಆಳೆತ್ತರಕ್ಕಿಂತ ಎಷ್ಟೋ ಮೇಲಕ್ಕೆ ಹೋಗುತ್ತದೆ. ದಂಟಿನ ಗಿಣ್ಣುಗಳಿಂದ ಗಾಳಿಯಲ್ಲೇ ಬೆರಳು ದಪ್ಪದ ಕೆಂಪು ಬೇರುಗಳು ಚಾಚಿಕೊಳ್ಳುತ್ತವೆ, ಮಳೆ ಬಂದಾಗ ಅವುಗಳಿಂದ ಲೋಳೆ ತೊಟ್ಟಿಕ್ಕುತ್ತದೆ. ಆ ಲೋಳೆಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡದ ಸಾರಜನಕದಲ್ಲಿ ಶೇ. 29ರಿಂದ 82ರಷ್ಟು ಹೀಗೆ ಗಾಳಿಯಿಂದ ಬರುತ್ತದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಗೊಬ್ಬರದ ಚೀಲ ಕಾಣದ ಬಡ ಇಳಿಜಾರಿನಲ್ಲಿ ಆ ಊರಿನವರು ತಲೆಮಾರುಗಳಿಂದ ಆರಿಸುತ್ತಾ ಬಂದ ಗುಣವಿದು. ಬೀಜವನ್ನು ಶೀತಲ ಗೋದಾಮಿನಲ್ಲಿಟ್ಟರೆ ಇದ್ದ ಗುಣ ಉಳಿಯುತ್ತದೆ. ಬದಲಾಗುವ ಮಳೆಗೆ ತಕ್ಕಂತೆ ಹೊಸ ಆಯ್ಕೆ ನಡೆಯಬೇಕಾದರೆ ಹೊಲದಲ್ಲೇ ಇರಬೇಕು.

ಬಿತ್ತಬಾರದು, ತರಬಹುದು

ಇನ್ನು ಕಾನೂನಿನ ಜಗಳಕ್ಕೆ ಬರೋಣ. ಮೆಕ್ಕೆಜೋಳದ್ದು ಗಾಳಿಯಲ್ಲಿ ಹಾರುವ ಪರಾಗ. ಪಕ್ಕದ ಹೊಲದ ತಳಿಯೊಂದಿಗೆ ಅದು ಬೆರೆಯುವುದನ್ನು ಬೇಲಿ ತಡೆಯಲಾರದು. 1998ರಿಂದಲೇ ಮೆಕ್ಸಿಕೊ ಕುಲಾಂತರಿ ಮೆಕ್ಕೆಜೋಳದ ಬಿತ್ತನೆಯನ್ನು ನಿಲ್ಲಿಸಿತ್ತು. ಆದರೂ ವಹಾಕಾದ ಬೆಟ್ಟಗಳ ನಾಟಿ ತೆನೆಗಳಲ್ಲಿ ಕುಲಾಂತರಿ ಜೀನ್‌ಗಳ ಕುರುಹು ಸಿಕ್ಕಿದೆಯೆಂದು 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿಯಾಯಿತು. ವಿಧಾನದ ಬಗ್ಗೆ ದೊಡ್ಡ ವಿವಾದವೆದ್ದು, ಪ್ರಕಟಣೆಗೆ ಪುರಾವೆ ಸಾಲದಿತ್ತು ಎಂದು ಆ ಪತ್ರಿಕೆಯೇ ಮರುವರ್ಷ ಹೇಳಿತು. 2009ರಲ್ಲಿ ಬೇರೊಂದು ತಂಡ ಅದೇ ಸೀಮೆಯ ಕೆಲವು ಮಾದರಿಗಳಲ್ಲಿ ಕುಲಾಂತರಿ ಜೀನ್ ಇರುವುದನ್ನು ಮತ್ತೆ ತೋರಿಸಿತು.

ಬಿತ್ತನೆಯೇ ಇಲ್ಲದ ದೇಶಕ್ಕೆ ಇದು ಬಂದದ್ದು ಹೇಗೆ? ಮೆಕ್ಕೆಜೋಳದ ಮಟ್ಟಿಗೆ ಧಾನ್ಯವೂ ಬೀಜವೂ ಒಂದೇ. ಕೋಳಿಗೆಂದು ಹಡಗಿನಲ್ಲಿ ಬಂದ ಇಡೀ ಕಾಳನ್ನು ಯಾರಾದರೂ ಹಿತ್ತಲಲ್ಲಿ ಊರಿದರೆ ಅದು ಮೊಳೆಯುತ್ತದೆ. ಹೊಸ ಬೀಜ ಕಂಡರೆ ನಾಲ್ಕು ಕಾಳು ಹಾಕಿ ನೋಡುವುದು ಎಲ್ಲ ಊರಿನ ರೈತರಿಗೂ ಇರುವ ಚಪಲ. ಹಾಗಾಗಿ ಉತ್ತರ ಅಮೆರಿಕದ ಪರಿಸರ ಸಹಕಾರ ಆಯೋಗ 2004ರಲ್ಲೇ ಒಂದು ಸರಳ ಸಲಹೆ ಕೊಟ್ಟಿತ್ತು: ಅಮೆರಿಕದಿಂದ ಬರುವ ಕಾಳನ್ನು ಗಡಿಯಲ್ಲೇ, ಬಂದರಿನಲ್ಲೇ ಒಡೆದು ನುಚ್ಚು ಮಾಡಿ. ನುಚ್ಚು ಮೊಳೆಯುವುದಿಲ್ಲ, ಕೋಳಿಗೆ ಅಷ್ಟೇ ರುಚಿ. ನುಚ್ಚು ಬೇಗ ಹಾಳಾಗುತ್ತದೆ, ಸಾಗಣೆ ಖರ್ಚು ಏರುತ್ತದೆ ಎಂಬ ಆಕ್ಷೇಪಗಳು ಬಂದವು, ಸಲಹೆ ಹಾಗೇ ಉಳಿಯಿತು. ಈ ಇಡೀ ವಿವಾದದಲ್ಲಿ ಬಂದ ಸಲಹೆಗಳಲ್ಲೇ ಅತ್ಯಂತ ಕಾರ್ಯಸಾಧ್ಯವಾದದ್ದು ಇದೇ, ಮತ್ತು ಅದನ್ನು ಕೈಬಿಟ್ಟದ್ದು ದೊಡ್ಡ ತಪ್ಪು.

2013ರಲ್ಲಿ ರೈತರು, ವಿಜ್ಞಾನಿಗಳು, ಗ್ರಾಹಕರು ಸೇರಿ ಹೂಡಿದ ಸಾಮೂಹಿಕ ದಾವೆಯಿಂದ ನ್ಯಾಯಾಲಯ ವಾಣಿಜ್ಯ ಬಿತ್ತನೆಯ ಪರವಾನಗಿಗಳಿಗೆ ತಡೆ ಹಾಕಿತು. 2021ರಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಎತ್ತಿಹಿಡಿಯಿತು. ಸರ್ಕಾರ ಇನ್ನೂ ಮುಂದೆ ಹೋಯಿತು. 2020ರ ಡಿಸೆಂಬರ್ 31ರ ಆದೇಶ, ಅದನ್ನು ಬದಲಿಸಿದ 2023ರ ಫೆಬ್ರುವರಿ 13ರ ಆದೇಶ, ಎರಡೂ ತೊರ್ತಿಯಾ ಮತ್ತು ಮಾಸಾದಲ್ಲಿ ಕುಲಾಂತರಿ ಮೆಕ್ಕೆಜೋಳದ ಬಳಕೆಯನ್ನು ನಿಲ್ಲಿಸುವ ಕಡೆಗೆ ಹೊರಟವು. ಅಮೆರಿಕ ಇದನ್ನು ಅಮೆರಿಕ, ಮೆಕ್ಸಿಕೊ, ಕೆನಡಾ ಈ ಮೂರು ದೇಶಗಳ ವ್ಯಾಪಾರ ಒಪ್ಪಂದದ ನ್ಯಾಯಮಂಡಳಿಗೆ ಒಯ್ದಿತು. 2024ರ ಡಿಸೆಂಬರ್ 20ರಂದು ಮಂಡಳಿ ಅಮೆರಿಕದ ಪರ ತೀರ್ಪಿತ್ತಿತು: ನಿರ್ಬಂಧಗಳಿಗೆ ತಕ್ಕ ಅಪಾಯ ಮೌಲ್ಯಮಾಪನದ, ವೈಜ್ಞಾನಿಕ ತತ್ವಗಳ ಆಧಾರವಿಲ್ಲ. ಮೆಕ್ಸಿಕೊ 2025ರ ಫೆಬ್ರುವರಿ 5ರಂದು ಆ ನಿರ್ಬಂಧಗಳನ್ನು ಕೈಬಿಟ್ಟಿತು. ಅದಾಗಿ ಆರು ವಾರದಲ್ಲಿ ಬಂದದ್ದು ಸಂವಿಧಾನ ತಿದ್ದುಪಡಿ.

ತಿದ್ದುಪಡಿ ಏನನ್ನು ಮುಟ್ಟುತ್ತದೆ, ಏನನ್ನು ಬಿಡುತ್ತದೆ ಎಂದು ಬಿಡಿಸಿ ನೋಡಬೇಕು. ದೇಶದೊಳಗೆ ಕುಲಾಂತರಿ ಮೆಕ್ಕೆಜೋಳದ ಬೇಸಾಯಕ್ಕೆ ಅವಕಾಶವಿಲ್ಲ. ಮಿಲ್ಪಾ ಪದ್ಧತಿಗೆ, ನಾಟಿ ಬೀಜಕ್ಕೆ ಉತ್ತೇಜನ ಕೊಡಬೇಕೆಂಬ ಮಾತೂ 27ನೇ ವಿಧಿಯಲ್ಲಿದೆ. ಹೈಬ್ರಿಡ್‌ಗೆ ತಡೆಯಿಲ್ಲ, ವಾಯುವ್ಯದ ಸಿನಲೋವ ರಾಜ್ಯದ ನೀರಾವರಿ ಬಯಲಿನಲ್ಲಿ ಹೆಕ್ಟೇರಿಗೆ 10 ಟನ್ ದಾಟುವ ಬಿಳಿ ಮೆಕ್ಕೆಜೋಳವೆಲ್ಲ ಹೈಬ್ರಿಡ್ಡೇ. ಆಮದಿಗೂ ತಡೆಯಿಲ್ಲ, ಬೇಸಾಯದ ಹೊರತಾದ ಬಳಕೆಗಳನ್ನು ಕಾನೂನಿನಂತೆ ಮೌಲ್ಯಮಾಪನ ಮಾಡಬೇಕು ಎಂದಷ್ಟೇ ಇದೆ. ಅಮೆರಿಕದಿಂದ ಇತ್ತೀಚಿನ ವರ್ಷಗಳಲ್ಲಿ ಸುಮಾರು 2 ಕೋಟಿ ಟನ್ ಆಸುಪಾಸು ಮೆಕ್ಕೆಜೋಳ ಬರುತ್ತಿದೆ. ಹೆಚ್ಚಿನದು ಹಳದಿ, ಬಹುಪಾಲು ಕುಲಾಂತರಿ, ಹೋಗುವುದು ಕೋಳಿ, ಹಂದಿ, ದನಗಳ ಮೇವಿಗೆ ಮತ್ತು ಪಿಷ್ಟದ ಕಾರ್ಖಾನೆಗಳಿಗೆ. ತೊರ್ತಿಯಾದ ಬಿಳಿ ಕಾಳು ಹೆಚ್ಚುಕಡಿಮೆ ದೇಶದ್ದೇ. ಅಂದರೆ ಗಡಿ ದಾಟಿ ಬರುವ ಜೀವಂತ ಕಾಳಿನ ಪ್ರಶ್ನೆ 2004ರಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಇಷ್ಟಾದರೂ ತಿದ್ದುಪಡಿಯನ್ನು ಹಗುರವಾಗಿ ಕಾಣಲಾಗದು. ಆದೇಶವನ್ನು ಮುಂದಿನ ಸರ್ಕಾರ ಒಂದು ಸಹಿಯಲ್ಲಿ ತೆಗೆಯಬಹುದು, ಸಂವಿಧಾನದ ಮಾತನ್ನು ಹಾಗೆ ತೆಗೆಯಲಾಗದು.

ರೊಟ್ಟಿಯ ಲೆಕ್ಕ

ನಾಟಿ ತಳಿಗಳಿಗೆ ನಿಜವಾದ ಒತ್ತಡ ಬರುತ್ತಿರುವುದು ಬೇರೆ ಕಡೆಯಿಂದ. 1994ರ ಜನವರಿ 1ರಂದು ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾಯಿತು. ಮೆಕ್ಕೆಜೋಳದ ಸುಂಕವನ್ನು 2008ರವರೆಗೆ ಹಂತಹಂತವಾಗಿ ಇಳಿಸುವ ಅವಕಾಶವಿದ್ದರೂ ಮಿತಿ ಮೀರಿದ ಆಮದಿಗೆ ಸುಂಕ ಹಾಕದೆ ಬಿಟ್ಟರು. ಧಾನ್ಯ ಕೊಂಡು ಬೆಲೆ ಕಾಯುತ್ತಿದ್ದ ಕೊನಸುಪೊ ಎಂಬ ಸರ್ಕಾರಿ ಸಂಸ್ಥೆ 1999ರಲ್ಲಿ ಮುಚ್ಚಿತು. ಅಲ್ಲಿಂದ ಮೆಕ್ಸಿಕೊದ ಬಿಳಿ ಮೆಕ್ಕೆಜೋಳದ ಬೆಲೆಯನ್ನೂ ಶಿಕಾಗೊ ಪೇಟೆಯ ಹಳದಿ ಮೆಕ್ಕೆಜೋಳದ ದರಕ್ಕೆ ಕಟ್ಟಿ ಲೆಕ್ಕ ಹಾಕುವ ರೂಢಿ ಬಂತು. 2007ರ ಜನವರಿಯಲ್ಲಿ ಅಲ್ಲಿ ದರ ಜಿಗಿದಾಗ ಇಲ್ಲಿ ರೊಟ್ಟಿಯ ಬೆಲೆ ಹಾರಿ, ಜನ ಬೀದಿಗಿಳಿದರು. 2025ರಲ್ಲಿ ದರ ಕುಸಿದಾಗ ರೈತರು ಇಳಿದರು. ಹಲಿಸ್ಕೊ, ಗ್ವನಹ್ವಾತೊ, ಮಿಚೊವಕಾನ್ ರಾಜ್ಯಗಳ ಬೆಳೆಗಾರರಿಗೆ ಮಾತುಕತೆಯಲ್ಲಿ ಒಪ್ಪಿದ್ದು ಟನ್ನಿಗೆ 6,050 ಪೆಸೊ.

ಈಗ 1.4ರ ಅಂಕಿ ತೆಗೆದುಕೊಳ್ಳಿ. ಒಂದು ಟನ್ ಕಾಳಿನಿಂದ 1,400 ಕೆಜಿ ತೊರ್ತಿಯಾ. ಅಂಗಡಿಯಲ್ಲಿ ಕೆಜಿಗೆ 20 ಪೆಸೊ ಎಂದು ಕಡಿಮೆ ಹಿಡಿದರೂ 28,000 ಪೆಸೊ. ರೈತ ಕೇಳಿದ 7,200 ಇದರ ಕಾಲು ಭಾಗ, ಸಿಕ್ಕ 6,050 ಐದನೇ ಒಂದಕ್ಕಿಂತ ತುಸು ಹೆಚ್ಚು. ಉಳಿದದ್ದು ಸಾಗಣೆ, ಗ್ಯಾಸು, ಬಾಡಿಗೆ, ಕೂಲಿ, ಹಿಟ್ಟಿನ ಕಾರ್ಖಾನೆ, ಅಂಗಡಿ. ಇದು ನೀರಾವರಿಯ ಹೈಬ್ರಿಡ್ ರೈತನ ಕತೆ. ಮಳೆ ನಂಬಿದ ಮಿಲ್ಪಾದಲ್ಲಿ ಹೆಕ್ಟೇರಿಗೆ ಒಂದೆರಡು ಟನ್ ಬಂದರೆ ಹೆಚ್ಚು. ಅದೇ ದರಕ್ಕೆ ಮಾರಿ ಅವನು ಬದುಕಲಾರ. ಹಾಗಾಗಿ ನಾಟಿ ಕಾಳು ಬಹುಪಾಲು ಮನೆಯಲ್ಲೇ ಖರ್ಚಾಗುತ್ತದೆ.

ಪೇಟೆಗೆ ಅದು ಬಾರದಿರಲು ಇನ್ನೊಂದು ಅಡ್ಡಿ ಕಾರ್ಖಾನೆಯ ಹಿಟ್ಟು. 1949ರಲ್ಲಿ ನುವೆವೊ ಲಿಯೊನ್ ರಾಜ್ಯದ ಸೆರ‍್ರಾಲ್ವೊದಲ್ಲಿ, ಮುಂದೆ ಮಸೇಕಾ ಎಂಬ ಹೆಸರಲ್ಲಿ ಮನೆಮಾತಾದ ಹಿಟ್ಟಿನ ತಯಾರಿಕೆ ಶುರುವಾಯಿತು. ಸುಣ್ಣದಲ್ಲಿ ಬೇಯಿಸಿದ ಕಾಳನ್ನು ಬೀಸಿ ಒಣಗಿಸಿ ಚೀಲಕ್ಕೆ ತುಂಬಿದ ಹಿಟ್ಟು ತಿಂಗಳುಗಟ್ಟಲೆ ಇಡಬಹುದು, ನೀರು ಹಾಕಿದರೆ ಐದು ನಿಮಿಷದಲ್ಲಿ ಕಣಕ. ಇದನ್ನು ಬರೀ ಹಾಳು ಎಂದು ಬೈಯುವವರು ಮೆತಾತೆಯ ಮುಂದೆ ಮಂಡಿಯೂರಿ ಕೂತವರನ್ನು ನೆನೆಯಬೇಕು. ಲಾವಾಕಲ್ಲಿನ ಆ ಇಳಿಜಾರು ರುಬ್ಬುಕಲ್ಲಿನ ಮೇಲೆ ಒಂದು ಸಂಸಾರಕ್ಕಾಗುವಷ್ಟು ಮಾಸಾ ಅರೆಯಲು ಹೆಂಗಸರಿಗೆ ದಿನಕ್ಕೆ ನಾಲ್ಕೈದು ಗಂಟೆ ಹಿಡಿಯುತ್ತಿತ್ತು. ಊರಿಗೆ ಗಿರಣಿ ಬೇಕೆಂದು ಅವರೇ ಹೋರಾಡಿದ್ದರು. ಗಿರಣಿ ಕೈಯ ಕೆಲಸ ತಗ್ಗಿಸಿತು, ಕಾಳಿನ ಆಯ್ಕೆಯನ್ನು ಮನೆಯವರಿಗೇ ಬಿಟ್ಟಿತು. ಯಾರ ಮನೆಯ ನೀಲಿ ನಿಷ್ತಮಾಲ್ ಆದರೂ ಬಕೆಟ್ಟಿನಲ್ಲಿ ತಂದರೆ ಬೀಸಿಕೊಡುತ್ತಿತ್ತು. ಕಾರ್ಖಾನೆಗೆ ಅದು ಸಾಧ್ಯವಿಲ್ಲ. ದೊಡ್ಡ ತೊಟ್ಟಿಯಲ್ಲಿ ಕಾಳುಗಳೆಲ್ಲ ಒಂದೇ ಹೊತ್ತಿಗೆ ಬೇಯಬೇಕಾದರೆ ಗಾತ್ರ, ಗಡಸುತನ, ತೇವ ಒಂದೇ ಸಮ ಇರಬೇಕು. ನಾಟಿ ಕಾಳಿನಲ್ಲಿ ಒಂದು ಮೆದು, ಒಂದು ಗಟ್ಟಿ. ಅರ್ಧ ಬೆಂದು ಅರ್ಧ ಕರಗುತ್ತದೆ. ಹಿಟ್ಟು ಗೆದ್ದ ಕಡೆಯೆಲ್ಲ ಹೈಬ್ರಿಡ್ಡಿಗೆ ಗಿರಾಕಿ ಸಿಕ್ಕಿತು, ನಾಟಿಗೆ ತಪ್ಪಿತು.

ಅಡುಗೆಮನೆಯ ಹಿಡಿತವಿಲ್ಲದ ಬೆಳೆ ಹೇಗಿರುತ್ತದೆ ಎಂದು ನೋಡಲು ನಾವು ದೂರ ಹೋಗಬೇಕಿಲ್ಲ. ಹಾವೇರಿ, ದಾವಣಗೆರೆಯಲ್ಲಿ ಬೆಳೆಯುವ ಗೋವಿನಜೋಳ, ಅಂದರೆ ಇದೇ ಮೆಕ್ಕೆಜೋಳ, ಹೋಗುವುದು ಕೋಳಿ ಆಹಾರಕ್ಕೆ, ಪಿಷ್ಟಕ್ಕೆ, ಎಥೆನಾಲ್‌ಗೆ. ಬೀಜ ಪ್ರತಿವರ್ಷ ಅಂಗಡಿಯದ್ದು, ಬೆಲೆ ಪೂರ್ತಿ ಪೇಟೆಯದ್ದು. ಮೆಕ್ಸಿಕೊದ ರೈತರು ಹೆದ್ದಾರಿ ತಡೆದ ಕೆಲವೇ ವಾರಗಳಲ್ಲಿ, 2025ರ ನವೆಂಬರ್‌ನಲ್ಲಿ, ನಮ್ಮ ರೈತರೂ ₹2,400 ಬೆಂಬಲ ಬೆಲೆಗೆ ಖರೀದಿ ಕೇಂದ್ರ ತೆರೆಯಿರಿ ಎಂದು ಬೀದಿಯಲ್ಲಿದ್ದರು.

ಮೆಕ್ಸಿಕೊ ಮುಂದೆ ಏನು ಮಾಡಬಹುದು? ಗಡಿಯಲ್ಲಿ ಕಾಳು ಒಡೆಯುವ ಹಳೆಯ ಸಲಹೆಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಒಡೆದ ಕಾಳೂ ವ್ಯಾಪಾರವೇ ಆದ್ದರಿಂದ ಆಮದು ತಡೆದಂತೆ ಆಗುವುದಿಲ್ಲ. ಅಂಗಡಿಯ ರೊಟ್ಟಿ ತಾಜಾ ನಿಷ್ತಮಾಲ್‌ನದೋ, ಹಿಟ್ಟಿನದೋ, ಎರಡೂ ಬೆರೆಸಿದ್ದೋ ಎಂಬುದು ಕೊಳ್ಳುವವರಿಗೆ ಗೊತ್ತಾಗಬೇಕು. ಬಿಡಿಯಾಗಿ ಕಾಗದದಲ್ಲಿ ಸುತ್ತಿ ಕೊಡುವ ರೊಟ್ಟಿಯಲ್ಲಿ ಇದು ತಿಳಿಯುವುದಿಲ್ಲ. ಸಣ್ಣ ಗಿರಣಿಗಳು ಉಳಿಯಬೇಕು. ಅವುಗಳ ಲಾವಾಕಲ್ಲನ್ನು ಆಗಾಗ ಕಟೆದು ಹರಿತ ಮಾಡಬೇಕು, ಅದನ್ನು ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಸುಣ್ಣ ತುಂಬಿದ ನೆಹಯೋತೆಯನ್ನು ಚರಂಡಿಗೆ ಬಿಡದೆ ವಿಲೇವಾರಿ ಮಾಡುವ ಖರ್ಚೂ ಅವುಗಳ ತಲೆಗೇ ಬೀಳುತ್ತದೆ. ನಾಟಿ ಕಾಳಿಗೆ ಶಿಕಾಗೊ ದರದಿಂದ ಬಿಡಿಸಿದ ಬೇರೆ ಬೆಲೆ ಬೇಕು. ಹೊರದೇಶದ ದುಬಾರಿ ಹೋಟೆಲುಗಳು ಈಗ ಆ ಬೆಲೆ ಕೊಟ್ಟು ನೀಲಿ, ಕೆಂಪು ಕಾಳನ್ನು ಕೊಳ್ಳುತ್ತಿವೆ. ಒಳ್ಳೆಯದೇ, ಆದರೆ ಆ ಪೇಟೆ ಬಯಸುವುದು ಬಣ್ಣದ ನಾಲ್ಕಾರು ತಳಿಗಳನ್ನು ಮಾತ್ರ. ಮಂಕು ಬಿಳಿಯ, ಊರೊಳಗಿನವರಿಗಷ್ಟೇ ರುಚಿ ಗೊತ್ತಿರುವ ತಳಿಗಳಿಗೆ ಗಿರಾಕಿ ಆ ಊರಿನವರೇ.

ಭೂಮಿಯ ಪ್ರಶ್ನೆಯೂ ಇದರ ಜೊತೆಗಿದೆ. ದೇಶದ ಅರ್ಧಕ್ಕೂ ಹೆಚ್ಚು ನೆಲ 1910ರ ಕ್ರಾಂತಿಯ ನಂತರದ ಹಂಚಿಕೆಯಿಂದ ಬಂದ ಎಹಿದೊ ಎಂಬ ಸಾಮೂಹಿಕ ಹಿಡುವಳಿಗಳ ಮತ್ತು ಬುಡಕಟ್ಟು ಸಮುದಾಯಗಳ ಕೈಯಲ್ಲಿದೆ. 1992ರ ಬದಲಾವಣೆ ಎಹಿದೊ ನೆಲವನ್ನು ಗೇಣಿಗೆ ಕೊಡಲು, ಮಾರಲು ದಾರಿ ತೆರೆಯಿತು. ಯುನೆಸ್ಕೊ ಪಟ್ಟಿಗೆ ಮಾದರಿಯಾದ ಮಿಚೊವಕಾನ್‌ನಲ್ಲೇ ಬೆಣ್ಣೆಹಣ್ಣಿನ ತೋಟಗಳು ಪೈನ್ ಕಾಡನ್ನು, ತೊರೆಯ ನೀರನ್ನು, ಮಿಲ್ಪಾದ ಇಳಿಜಾರನ್ನು ನುಂಗುತ್ತಿವೆ. ರಫ್ತಿನ ಹಣದ ಮುಂದೆ ಒಂದೂವರೆ ಟನ್ ಕಾಳು ನಿಲ್ಲುವುದು ಕಷ್ಟ.

ಮೂರು ದೇಶಗಳ ಈಗಿನ ವ್ಯಾಪಾರ ಒಪ್ಪಂದದ ಮೊದಲ ಜಂಟಿ ಪರಿಶೀಲನೆಗೆ ಗೊತ್ತುಮಾಡಿದ ದಿನ 2026ರ ಜುಲೈ 1. ಅಮೆರಿಕದ ಮೆಕ್ಕೆಜೋಳಕ್ಕೆ ಮೆಕ್ಸಿಕೊಕ್ಕಿಂತ ದೊಡ್ಡ ಗಿರಾಕಿ ಇಲ್ಲ. ತಿದ್ದುಪಡಿಯ ಒಂದೊಂದು ಪದವೂ ಆ ಮಾತುಕತೆಯ ನೆರಳಲ್ಲೇ ಇರುತ್ತದೆ.

ಅತ್ತ ಹಳ್ಳಿಯಲ್ಲಿ ಸುಗ್ಗಿ ಮುಗಿದ ಮೇಲೆ ತೆನೆಗಳನ್ನು ಅಂಗಳದಲ್ಲಿ ಹರಡಿ, ಸಾಲು ನೇರವಿದ್ದು, ಹುಳ ಮುಟ್ಟದೆ, ಮುಸುಕು ತುದಿಯವರೆಗೂ ಬಿಗಿಯಾಗಿದ್ದವನ್ನು ಆರಿಸುತ್ತಾರೆ. ಮುಸುಕನ್ನು ಹಿಂದಕ್ಕೆ ಸುಲಿದು, ಜಡೆಯಂತೆ ಹೆಣೆದು, ಒಲೆಯ ಮೇಲಿನ ಜಂತಿಗೆ ಕಟ್ಟುತ್ತಾರೆ. ಹೊಗೆ ಹುಳವನ್ನು ದೂರವಿಡುತ್ತದೆ. ಬಿತ್ತನೆಯ ಕಾಲ ಬಂದಾಗ ಕೆಳಗಿಳಿಸಿ ಕಾಳು ಬಿಡಿಸುತ್ತಾರೆ. ತೊಟ್ಟಿನ ಕಡೆಯವೂ ತುದಿಯವೂ ಸುಣ್ಣದ ಪಾತ್ರೆಗೆ, ನಡುವಿನ ದಪ್ಪ ಕಾಳು ಹೊಲಕ್ಕೆ.